ನಡುಮನೆಗೊಂದು ಕಂಪ್ಯೂಟರು

ಮಡಕೆ ಕೊಳ್ಳಲು ಹೋದವರು ಅದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಸೀರೆ ಕೊಳ್ಳುವವರು ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಕ್ಕಿ ಕೊಳ್ಳುವವರು ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಆದರೆ ಕಂಪ್ಯೂಟರಿನ ಬಿಡಿಭಾಗಗಳನ್ನು ಕೊಳ್ಳಲು ಹೊರಟಾಗ ಮಾತ್ರ, ತಟ್ಟಿ ನೋಡುವ ಬೆರಳೇ ನಮಗಿಲ್ಲವೇನೋ ಅನ್ನಿಸುತ್ತದೆ. ಅಂಗಡಿಯ ಗಾಜಿನ ಹಿಂದೆ ಸಾಲಾಗಿಟ್ಟ ಪೆಟ್ಟಿಗೆಗಳ ಮೇಲೆಲ್ಲ ಸಂಖ್ಯೆಗಳು, ಸಂಕೇತಗಳು. ದೊಡ್ಡ ಸಂಖ್ಯೆಯೇ ಒಳ್ಳೆಯದಿರಬೇಕೆಂದು ಊಹಿಸಿ, ಬೇಕಾದುದಕ್ಕಿಂತ ಹೆಚ್ಚು ಹಣ ತೆತ್ತು ಬರುವವರೇ ಬಹಳ. ಮನೆಯ ಟೀವಿಗೆ ಜೋಡಿಸಿಕೊಂಡು ಸಿನಿಮಾ, ಸಂಗೀತ, ಮನೆಯವರ ಹಳೆಯ ವಿಡಿಯೊಗಳನ್ನು ನೋಡುವುದಕ್ಕಾಗಿ ಮೊದಲ ಬಾರಿಗೆ ಒಂದು ಕಂಪ್ಯೂಟರನ್ನು ತಾವೇ ಕಟ್ಟಿಕೊಳ್ಳಬೇಕೆಂದಿರುವವರಿಗೆ ಹೀಗೆ ತಟ್ಟಿ ನೋಡುವ ಕೆಲವು ಉಪಾಯಗಳನ್ನು ಹೇಳುವುದು ಈ ಭಾಷಣದ ಉದ್ದೇಶ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇಂಥ ಯಂತ್ರ ನಮಗೆ ಬೇಕೆ ಎಂಬುದು. ತಿಂಗಳ ಚಂದಾ ಕಟ್ಟಿ ಅಂತರಜಾಲದಿಂದ ಸಿನಿಮಾ ನೋಡುವುದಷ್ಟೇ ನಿಮ್ಮ ಅಗತ್ಯವಾಗಿದ್ದರೆ ನೇರವಾದ ಉತ್ತರ: ಬೇಡ. ಟೀವಿಯ ಒಳಗೇ ಇರುವ ಸೌಲಭ್ಯವೋ, ಟೀವಿಯ ಬೆನ್ನಿಗೆ ಸಿಕ್ಕಿಸುವ ಬೆರಳಷ್ಟು ಉದ್ದದ ಸ್ಟಿಕ್ಕೋ ಆ ಕೆಲಸವನ್ನು ಕಂಪ್ಯೂಟರಿಗಿಂತ ಚೆನ್ನಾಗಿ ಮಾಡುತ್ತದೆ. ಇದು ವಿಚಿತ್ರವೆನಿಸಬಹುದು. ಆದರೆ ಚಂದಾ ಕಂಪೆನಿಗಳು ತಮ್ಮ ಚಿತ್ರಗಳಿಗೆ ಹಾಕಿರುವ ಬೀಗಗಳು ಕಂಪ್ಯೂಟರನ್ನು ಅಷ್ಟಾಗಿ ನಂಬುವುದಿಲ್ಲ. ಲಿನಕ್ಸ್ ನಡೆಸುವ ಕಂಪ್ಯೂಟರಿಗೆ ಅವರ 4ಕೆ ಚಿತ್ರ ದೊರೆಯುವುದೇ ಇಲ್ಲ. ವಿಂಡೋಸ್‌ನಲ್ಲಿ ದೊರೆತರೂ ಹಲವು ಷರತ್ತುಗಳಿವೆ. ಅಂಗಡಿಯಲ್ಲಿ ಕೊಂಡ 4ಕೆ ಬ್ಲೂ-ರೇ ಡಿಸ್ಕಿನ ಕಥೆಯೂ ಅಷ್ಟೆ. ಅದನ್ನು ಕಂಪ್ಯೂಟರಿನಲ್ಲಿ ಅಧಿಕೃತ ರೀತಿಯಲ್ಲಿ ನೋಡಲು ಇಂಟೆಲ್ ಪ್ರೊಸೆಸರಿನ ಒಳಗೆ ಎಸ್‌ಜಿಎಕ್ಸ್ ಎಂಬ ಒಂದು ರಕ್ಷಣಾ ವ್ಯವಸ್ಥೆ ಇರಬೇಕೆಂಬ ನಿಯಮವಿತ್ತು. ಇಂಟೆಲ್ ತನ್ನ 11ನೆಯ ತಲೆಮಾರಿನಿಂದ ಮನೆಬಳಕೆಯ ಪ್ರೊಸೆಸರುಗಳಲ್ಲಿ ಅದನ್ನು ಕೈಬಿಟ್ಟಿತು. ಹೀಗಾಗಿ ಹೊಸ ಯಂತ್ರಕ್ಕೆ ಹಳೆಯದು ಮಾಡುತ್ತಿದ್ದ ಆ ಕೆಲಸ ಬಾರದು. ಇದನ್ನು ತಿಳಿಯದೆ ದುಬಾರಿ ಡಿಸ್ಕ್ ಡ್ರೈವ್ ಕೊಂಡರೆ ಅದು ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಹಾಗಾದರೆ ಈ ಕಂಪ್ಯೂಟರು ಯಾರಿಗೆ? ತಮ್ಮದೇ ಸಂಗ್ರಹ ಉಳ್ಳವರಿಗೆ. ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ ಮದುವೆ, ಉಪನಯನ, ಗೃಹಪ್ರವೇಶಗಳ ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ, ರಾತ್ರಿಯಿಡೀ ನಡೆದ ಯಕ್ಷಗಾನ ಬಯಲಾಟದ ಧ್ವನಿಸುರುಳಿಗಳಿವೆ, ಸಂಗೀತ ಕಛೇರಿಗಳ ಟೇಪುಗಳಿವೆ, ಕಪಾಟಿನಲ್ಲಿ ಡಿವಿಡಿಗಳಿವೆ. ಮಲೆನಾಡಿನ ಮಳೆಗಾಲವಾಗಲಿ ಕರಾವಳಿಯ ತೇವವಾಗಲಿ ಈ ಟೇಪುಗಳಿಗೆ ದಯೆ ತೋರುವುದಿಲ್ಲ. ಬೂಸ್ಟು ಹಿಡಿದು, ಲೇಪ ಉದುರಿ, ಚಿತ್ರ ವರ್ಷವರ್ಷಕ್ಕೂ ಮಂಕಾಗುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪೆನಿಯಾದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಟೇಪು ಉಳಿದರೂ ಅದನ್ನು ಓದುವ ಯಂತ್ರ ಉಳಿಯದ ಕಾಲ ಇದು.

ಇನ್ನೊಂದು ಕಡೆ, ಹಣ ಕೊಟ್ಟು 'ಕೊಂಡ' ಸಿನಿಮಾ ಕೂಡ ಇನ್ನೊಬ್ಬರ ಉಗ್ರಾಣದಲ್ಲಿದ್ದರೆ ನಮ್ಮದಲ್ಲ. 2022ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದ ಪ್ಲೇಸ್ಟೇಷನ್ ಗ್ರಾಹಕರಿಗೆ ಇದು ಅನುಭವಕ್ಕೆ ಬಂತು. ಸ್ಟುಡಿಯೋಕೆನಾಲ್ ಸಂಸ್ಥೆಯ ಚಿತ್ರಗಳನ್ನು ಅವರು ಹಿಂದೆ ಹಣ ತೆತ್ತು ಪಡೆದಿದ್ದರೂ, ಪರವಾನಗಿಯ ಒಪ್ಪಂದ ಮುಗಿದ ಕಾರಣ ಅವು ಅವರ ಪಟ್ಟಿಯಿಂದ ಮಾಯವಾದವು. ಮನೆಯ ನೆನಪುಗಳೂ ಮೆಚ್ಚಿನ ಕಲೆಯೂ ಮನೆಯಲ್ಲೇ, ನಮ್ಮ ಕೈಯಳತೆಯಲ್ಲೇ ಇರಬೇಕೆನ್ನುವವರಿಗೆ ಈ ಯಂತ್ರ ಬೇಕು. ಕದ್ದ ಪ್ರತಿಗಳಿಂದ ತುಂಬಿಸಿಕೊಳ್ಳುವವರಿಗಾಗಿ ನಾನು ಈ ಮಾತು ಹೇಳುತ್ತಿಲ್ಲ ಎಂಬುದನ್ನೂ ಸ್ಪಷ್ಟಪಡಿಸುತ್ತೇನೆ.

ಉದ್ದೇಶ ಹೀಗೆ ಗೊತ್ತಾದ ಮೇಲೆ ಆಯ್ಕೆಯ ಕ್ರಮವೂ ತಾನಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಎಲ್ಲರೂ ಪ್ರೊಸೆಸರಿನಿಂದ ಹೊರಡುತ್ತಾರೆ. ಹೊರಡಬೇಕಾದದ್ದು ಮನೆಯಿಂದ. ಟೀವಿ ಯಾವುದು, ಅದು 1080 ಗೆರೆಗಳದೋ 4ಕೆಯೋ? ಧ್ವನಿ ಟೀವಿಯಿಂದಲೇ ಹೊರಡುವುದೋ, ಬೇರೆ ಸ್ಪೀಕರುಗಳಿವೆಯೋ? ಯಂತ್ರ ಕೂರುವ ಜಾಗ ತೆರೆದ ಮೇಜೋ, ಬಾಗಿಲು ಮುಚ್ಚುವ ಕಪಾಟೋ? ಊರಿನ ಬೇಸಗೆ ಹೇಗೆ? ಈ ನಾಲ್ಕು ಪ್ರಶ್ನೆಗಳಿಗೆ ಒಂದು ಕಾಗದದ ಮೇಲೆ ಉತ್ತರ ಬರೆದುಕೊಂಡರೆ ಅರ್ಧ ಆಯ್ಕೆ ಮುಗಿದಂತೆಯೇ. ಮದುವೆಯ ಅಡಿಗೆಗೆ ಪಾತ್ರೆ ಗೊತ್ತುಮಾಡುವ ಮುನ್ನ ಎಲೆಗಳ ಲೆಕ್ಕ ಹಾಕುವುದಿಲ್ಲವೆ, ಹಾಗೆ.

ಈಗ ಪ್ರೊಸೆಸರಿಗೆ ಬರೋಣ. ಸಿನಿಮಾ ಎಂಬುದು ಡಿಸ್ಕಿನಲ್ಲಿ ಮಡಿಸಿಟ್ಟ ಬಟ್ಟೆಯಂತೆ ಇರುತ್ತದೆ. ಮಡಿಸದೆ ಇಟ್ಟರೆ ಯಾವ ಡಿಸ್ಕೂ ಸಾಲದು. ಒಂದು 4ಕೆ ಚಿತ್ರದ ಚೌಕಟ್ಟಿನಲ್ಲಿ ಅಡ್ಡಲಾಗಿ 3840, ಲಂಬವಾಗಿ 2160, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳು. ಅಂಥವು ಸೆಕೆಂಡಿಗೆ 24. ಇದನ್ನು ಮಡಿಸುವ ಕ್ರಮಗಳಿಗೆ ಕೋಡೆಕ್ ಎಂದು ಹೆಸರು. 2003ರ ಎಚ್.264, 2013ರ ಎಚ್.265 ಅಥವಾ ಎಚ್‌ಇವಿಸಿ, ಅದೇ ಕಾಲದ ವಿಪಿ9, 2018ರ ಎವಿ1, ಇವು ಮುಖ್ಯವಾದವು. ಒಂದೊಂದು ಹೊಸ ಕ್ರಮವೂ ಹಿಂದಿನದಕ್ಕಿಂತ ಬಟ್ಟೆಯನ್ನು ಚಿಕ್ಕದಾಗಿ ಮಡಿಸುತ್ತದೆ. ಬಿಡಿಸುವ ಶ್ರಮವೂ ಅಷ್ಟೇ ಹೆಚ್ಚು.

ಬಿಡಿಸುವ ಕೆಲಸವನ್ನು ಎರಡು ರೀತಿಯಲ್ಲಿ ಮಾಡಬಹುದು. ಪ್ರೊಸೆಸರಿನ ಸಾಮಾನ್ಯ ಭಾಗವೇ ಏದುಸಿರು ಬಿಡುತ್ತ ಮಾಡಬಹುದು. ಆಗ ಯಂತ್ರ ಬಿಸಿಯಾಗುತ್ತದೆ, ಫ್ಯಾನು ಗಿರ್ರೆನ್ನುತ್ತದೆ. ಇಲ್ಲವೆ, ಅದಕ್ಕೆಂದೇ ರಚಿಸಿದ ಒಂದು ಪುಟ್ಟ ವಿಭಾಗ ಪ್ರೊಸೆಸರಿನ ಚಿತ್ರಭಾಗದಲ್ಲಿದ್ದರೆ, ಅದು ಕೆಲವೇ ವಾಟ್ ವಿದ್ಯುತ್ತಿನಲ್ಲಿ ಸದ್ದಿಲ್ಲದೆ ಮುಗಿಸುತ್ತದೆ. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ 'ಈ ಪ್ರೊಸೆಸರಿನ ವೇಗ ಎಷ್ಟು' ಎಂಬುದಲ್ಲ. 'ಯಾವ ಯಾವ ಮಡಿಕೆಯನ್ನು ತಾನೇ ಬಿಡಿಸಬಲ್ಲದು' ಎಂಬುದು. ಇಂಟೆಲ್‌ನಲ್ಲಿ, 2017ರಲ್ಲಿ ಮೇಜಿನ ಕಂಪ್ಯೂಟರುಗಳಿಗೆ ಬಂದ 7ನೆಯ ತಲೆಮಾರಿನಿಂದ ಈಚೆಗೆ, 10 ಬಿಟ್ಟಿನ ಎಚ್‌ಇವಿಸಿ ಮತ್ತು ವಿಪಿ9 ಎರಡನ್ನೂ ಅದು ಬಿಡಿಸುತ್ತದೆ. ಎವಿ1 ಕೂಡ ಬೇಕೆಂದರೆ 12ನೆಯ ತಲೆಮಾರು ಅಥವಾ ಅದರ ನಂತರದ್ದನ್ನು ನೋಡುವುದು ಕ್ಷೇಮ. 2022ರಲ್ಲಿ ಬಂದ ನಾಲ್ಕು ಕೋರುಗಳ ಐ3-12100 ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಎಎಂಡಿ ಕಡೆ ಸ್ವಲ್ಪ ಎಚ್ಚರಿಕೆ ಬೇಕು. ಬಹು ಜನಪ್ರಿಯವಾದ ರೈಜನ್ 5600ಜಿಯ ಚಿತ್ರಭಾಗಕ್ಕೆ ಎವಿ1 ಬಿಡಿಸಲು ಬಾರದು. 2022ರ ರೈಜನ್ 7000 ಸರಣಿಗೆ ಬರುತ್ತದೆ.

ಇಲ್ಲೊಂದು ಅಕ್ಷರದ ಮೇಲೆ ಕಣ್ಣಿಡಬೇಕು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರಲ್ಲಿ ಚಿತ್ರಭಾಗವೇ ಕೆಲಸ ಮಾಡುವುದಿಲ್ಲ. 12100 ಮತ್ತು 12100ಎಫ್ ನೋಡಲು ಅವಳಿಗಳು, ಎಫ್ ಸ್ವಲ್ಪ ಅಗ್ಗವೂ ಹೌದು. ಆದರೆ ಅದನ್ನು ತಂದು ಜೋಡಿಸಿದರೆ ಟೀವಿಯ ಮೇಲೆ ಕತ್ತಲೆಯಲ್ಲದೆ ಬೇರೇನೂ ಮೂಡದು. ಮತ್ತೆ ಬೇರೆಯ ಗ್ರಾಫಿಕ್ಸ್ ಕಾರ್ಡಿಗೆ ಹಣ ತೆರಬೇಕು. ಇನ್ನು, ಆಟಗಳನ್ನು ಆಡುವ ಉದ್ದೇಶ ಇಲ್ಲದವರು ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಸಿನಿಮಾಕ್ಕಾಗಿ ಕೊಳ್ಳುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಬ್ರಹ್ಮಾಸ್ತ್ರಕ್ಕೆ ಮೂರು ಫ್ಯಾನುಗಳ ಸದ್ದೂ ಇರುತ್ತದೆ.

ಇನ್ನೂ ಚಿಕ್ಕದು ಸಾಕೆನ್ನುವವರಿಗೆ 2023ರ ಜನವರಿಯಲ್ಲಿ ಬಂದ ಇಂಟೆಲ್ ಎನ್100 ಇದೆ. ಕಂಪೆನಿ ಅದಕ್ಕೆ ನಮೂದಿಸಿರುವ ವಿದ್ಯುತ್ತು ಕೇವಲ 6 ವಾಟ್. ಎವಿ1 ಕೂಡ ಬಿಡಿಸುತ್ತದೆ. ಅದು ಬೋರ್ಡಿಗೆ ಬೆಸೆದೇ ಬರುವುದರಿಂದ ಮುಂದೆ ಪ್ರೊಸೆಸರನ್ನು ಮಾತ್ರ ಬದಲಾಯಿಸುವಂತಿಲ್ಲ. ಕಚೇರಿಗಳಿಂದ ವಿಲೇವಾರಿಯಾದ, ದಪ್ಪ ಪುಸ್ತಕದಷ್ಟು ಗಾತ್ರದ ಹಳೆಯ ಕಂಪ್ಯೂಟರುಗಳನ್ನೂ ಕಡೆಗಣಿಸಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇಂಥವು ಬಹಳ ಹೊರಬಿದ್ದಿವೆ. ಅವುಗಳಲ್ಲಿ 7ನೆಯ ತಲೆಮಾರಿನದೋ ಮೇಲಿನದೋ ಸಿಕ್ಕಿದರೆ ಲಿನಕ್ಸ್ ಹಾಕಿಕೊಂಡು ಡಿವಿಡಿ, ಕ್ಯಾಸೆಟ್ಟು, ಎಚ್‌ಇವಿಸಿ ಚಿತ್ರ ಎಲ್ಲವನ್ನೂ ನೋಡಬಹುದು. ಕಟ್ಟುವ ಸಂತೋಷ ಒಂದು ಕಡೆ, ಕೈಯಲ್ಲಿರುವ ಹಣ ಒಂದು ಕಡೆ. ಎರಡನ್ನೂ ತೂಗಿ ನೋಡುವುದು ನಿಮಗೆ ಬಿಟ್ಟದ್ದು.

ಬಿಡಿಸಿದ ಚಿತ್ರ ಟೀವಿಗೆ ಹೋಗುವುದು ಎಚ್‌ಡಿಎಂಐ ತಂತಿಯ ಮೂಲಕ. 2002ರ ಕೊನೆಯಲ್ಲಿ ಮೊದಲು ಬಂದ ಈ ವ್ಯವಸ್ಥೆಗೆ ಹಲವು ದರ್ಜೆಗಳಿವೆ. 2009ರ 1.4 ದರ್ಜೆಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಹೋಗಬಲ್ಲದು, 2013ರ 2.0 ದರ್ಜೆಯಲ್ಲಿ 60 ಬಾರಿ. ಪ್ರೊಸೆಸರಿಗೆ ಶಕ್ತಿಯಿದ್ದರೂ ಬೋರ್ಡಿನ ಮೇಲಿನ ಕಿಂಡಿ ಹಳೆಯ ದರ್ಜೆಯದಾಗಿದ್ದರೆ, ತುಂಬಿದ ಕೆರೆಗೆ ಕಿರುದೂಬು ಇಟ್ಟಂತೆ. ಆದ್ದರಿಂದ ಬೋರ್ಡನ್ನು ಆರಿಸುವಾಗ ತಯಾರಕರ ಜಾಲತಾಣದಲ್ಲಿ ಅದೇ ಮಾದರಿಯ ಪುಟವನ್ನು ತೆರೆದು, ಎಚ್‌ಡಿಎಂಐ ಸಾಲಿನಲ್ಲಿ 4ಕೆಯ ಮುಂದೆ 60 ಎಂದಿದೆಯೋ 30 ಎಂದಿದೆಯೋ ನೋಡಿ. ಅಂಗಡಿಯವರ ಬಾಯಿಮಾತು ಸಾಲದು.

ಇಲ್ಲಿ ಸ್ವಲ್ಪ ನಿಂತು, ಮೊದಲ ಬಾರಿ ಕಟ್ಟುವವರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯನ್ನು ಹೇಳಬೇಕು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳದು. ಟೀವಿ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಬಾರಿ ತೋರಿಸುವುದು ಸಾಧ್ಯವಿಲ್ಲವಲ್ಲ! ಆದ್ದರಿಂದ ಯಂತ್ರ ಒಂದು ಚೌಕಟ್ಟನ್ನು ಮೂರು ಬಾರಿ, ಮುಂದಿನದನ್ನು ಎರಡು ಬಾರಿ, ಹೀಗೆ ತೋರಿಸುತ್ತ ಹೋಗುತ್ತದೆ. ನಟ ಮುಖ ತಿರುಗಿಸಿದಾಗ ಇದು ತಿಳಿಯದು. ಕ್ಯಾಮೆರಾ ಬೆಟ್ಟದ ಸಾಲಿನ ಮೇಲೆ ನಿಧಾನವಾಗಿ ಹಾಯುವಾಗ ಮಾತ್ರ ಬೆಟ್ಟಗಳು ಕುಂಟುತ್ತವೆ. ತಾಳ ತಪ್ಪಿದ ಹಾಡಿನಂತೆ, ಏನು ತಪ್ಪಿದೆ ಎಂದು ಹೇಳಲಾಗದಿದ್ದರೂ ಕಣ್ಣಿಗೆ ಕಿರಿಕಿರಿ. ಇದಕ್ಕೆ ಪರಿಹಾರ, ಸಿನಿಮಾ ಶುರುವಾದಾಗ ಟೀವಿಯನ್ನೇ 24ರ ಲಯಕ್ಕೆ ತಿರುಗಿಸುವುದು. ಒಳ್ಳೆಯ ತಂತ್ರಾಂಶಗಳು ಇದನ್ನು ತಾವಾಗಿಯೇ ಮಾಡುತ್ತವೆ. ಆದರೆ ಆ ಆಯ್ಕೆಯನ್ನು ನಾವು ಒಮ್ಮೆ ಒತ್ತಿರಬೇಕು.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಡಿಸ್ಕುಗಳಲ್ಲಿ ಬರುವ ಬಹುಪಾಲು ಸಿನಿಮಾಗಳ ನಿಜವಾದ ಲಯ 24 ಅಲ್ಲ, 23.976. 2011ರಲ್ಲಿ ಬಂದ ಇಂಟೆಲ್‌ನ ಎರಡನೆಯ ತಲೆಮಾರಿನ ಚಿತ್ರಭಾಗ ಈ ಸೂಕ್ಷ್ಮವನ್ನು ಹಿಡಿಯಲಾರದೆ 24ನ್ನೇ ಕೊಡುತ್ತಿತ್ತು. ವ್ಯತ್ಯಾಸ ಸೆಕೆಂಡಿಗೆ ಚೌಕಟ್ಟಿನ 0.024 ಭಾಗ. ಲೆಕ್ಕ ಹಾಕಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಚೌಕಟ್ಟು ಎಡವುತ್ತಿತ್ತು. ಆ ಕಾಲದ ಆಸಕ್ತರು ಇದಕ್ಕಾಗಿ ಬಹಳ ಗೊಣಗಿದರು. ಮುಂದಿನ ತಲೆಮಾರುಗಳಲ್ಲಿ ಸರಿಹೋಯಿತು. ತೀರ ಹಳೆಯ ಯಂತ್ರವನ್ನು ಅಗ್ಗವೆಂದು ತರುವವರು ಇದನ್ನು ನೆನಪಿಡಬೇಕು.

ನಮ್ಮ ಕ್ಯಾಸೆಟ್ಟುಗಳ ಲಯವೇ ಬೇರೆ. ಭಾರತ ಅನುಸರಿಸಿದ್ದು ಪಾಲ್ ಪದ್ಧತಿ. ಸೆಕೆಂಡಿಗೆ 25 ಚೌಕಟ್ಟು. ಅದೂ ಒಂದೊಂದು ಚೌಕಟ್ಟಿನ ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಇನ್ನೊಮ್ಮೆ, ಒಟ್ಟು 50 ಅರ್ಧಚಿತ್ರಗಳು. ಇವನ್ನು ಹೆಣೆದು ಪೂರ್ಣಚಿತ್ರ ಮಾಡುವ ಕೆಲಸ ಸರಿಯಾಗಿ ನಡೆಯದಿದ್ದರೆ, ಧಾರೆಗೆ ನಿಂತ ಮದುಮಗಳು ಕೈ ಎತ್ತಿದಾಗಲೆಲ್ಲ ಬಳೆಗಳ ಅಂಚು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಈ ಕೆಲಸವನ್ನೂ ಇಂದಿನ ಪ್ರೊಸೆಸರುಗಳ ಚಿತ್ರಭಾಗ ಸಲೀಸಾಗಿ ಮಾಡುತ್ತದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಅಗಲ 720, ಎತ್ತರ 576, ಲಯ 25 ಎಂಬ ಮೂಲ ಅಳತೆಯಲ್ಲೇ ಇಳಿಸಿಕೊಳ್ಳಿ. ಹಿಗ್ಗಿಸುವುದು, ಹೆಣೆಯುವುದು ನೋಡುವ ಹೊತ್ತಿಗೆ ಆಗಲಿ. ಮೂಲ ಹಾಗೆಯೇ ಉಳಿದರೆ ನಾಳೆ ಇನ್ನೂ ಒಳ್ಳೆಯ ಉಪಾಯ ಬಂದಾಗ ಅದರಿಂದ ಲಾಭ ಪಡೆಯಬಹುದು.

ಧ್ವನಿಯ ವಿಷಯವನ್ನು ಬೇಗ ಮುಗಿಸಬಹುದು. ಟೀವಿಯ ಸ್ಪೀಕರೇ ಸಾಕೆನ್ನುವವರಿಗೆ ಯಾವ ಚಿಂತೆಯೂ ಇಲ್ಲ. ಚಿತ್ರದ ಜೊತೆಗೆ ಅದೇ ತಂತಿಯಲ್ಲಿ ಧ್ವನಿಯೂ ಹೋಗುತ್ತದೆ. ಐದಾರು ಸ್ಪೀಕರುಗಳ ಆಂಪ್ಲಿಫೈಯರ್ ಇರುವವರು ಕಂಪ್ಯೂಟರಿನ ತಂತಿಯನ್ನು ಮೊದಲು ಅದಕ್ಕೆ ಕೊಟ್ಟು, ಅಲ್ಲಿಂದ ಟೀವಿಗೆ ಒಯ್ಯುವುದು ಉತ್ತಮ. ಬೆಳಕಿನ ತಂತಿ, ಅಂದರೆ ಆಪ್ಟಿಕಲ್ ಕೇಬಲ್, ಡಿವಿಡಿಯ ಡಾಲ್ಬಿ ಧ್ವನಿಯನ್ನು ಒಯ್ಯಬಲ್ಲದು. ಬ್ಲೂ-ರೇಯ ಟ್ರೂಎಚ್‌ಡಿಯಂಥ ನಷ್ಟವಿಲ್ಲದ ಬಹುಧ್ವನಿಯನ್ನು ಒಯ್ಯಲಾರದು. ಬೇರೆ ಸೌಂಡ್ ಕಾರ್ಡು ಹೆಚ್ಚಿನವರಿಗೆ ಅನಗತ್ಯ.

ಧ್ವನಿಗಿಂತ ಮುಖ್ಯವಾದದ್ದು ಯಂತ್ರದ ಮೌನ. ಓದುವ ಕೋಣೆಯ ಕಂಪ್ಯೂಟರಿನಲ್ಲಿ ಸಹಿಸಿಕೊಳ್ಳುವ ಸದ್ದು ನಡುಮನೆಯಲ್ಲಿ ಅಸಹನೀಯ. ರಾತ್ರಿ ಹತ್ತರ ಮೇಲೆ, ಬೀದಿ ಸ್ತಬ್ಧವಾದಾಗ, ಹಳೆಯ ಟೇಪಿನಿಂದ ಇಳಿಸಿಕೊಂಡ ಒಂದು ಆಲಾಪನೆಯನ್ನು ಕೇಳಲು ಕುಳಿತಿದ್ದೀರಿ ಎಂದುಕೊಳ್ಳಿ. ಗಾಯಕರು ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಟೀವಿಯ ಪಕ್ಕದಿಂದ ಶ್ರುತಿ ಸೇರದ ಇನ್ನೊಂದು ತಂಬೂರಿ ಮಿಡಿಯುತ್ತಿದ್ದರೆ ಹೇಗಿರುತ್ತದೆ? ಫ್ಯಾನಿನ ಲೆಕ್ಕ ಸರಳ. ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ. 120 ಮಿಲಿಮೀಟರಿನ ಫ್ಯಾನಿನ ವಿಸ್ತಾರ 80 ಮಿಲಿಮೀಟರಿನ ಫ್ಯಾನಿಗಿಂತ ಎರಡು ಪಟ್ಟಿಗೂ ಮಿಗಿಲು. ಆದ್ದರಿಂದ ಅಷ್ಟೇ ಗಾಳಿಯನ್ನು ಅದು ಬಹಳ ನಿಧಾನವಾಗಿ ತಿರುಗುತ್ತಲೇ ಕೊಡುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿ ಚಿಕ್ಕ ಫ್ಯಾನು ಕಿರುಚುತ್ತದೆ. ತುಸು ದೊಡ್ಡ ಪೆಟ್ಟಿಗೆಯಲ್ಲಿ ದೊಡ್ಡ ಫ್ಯಾನು ಪಿಸುಗುಡುತ್ತದೆ. ಚೆಲುವಿಗಾಗಿ ತೀರ ಸಣ್ಣ ಪೆಟ್ಟಿಗೆಗೆ ಮನಸೋಲುವವರು ಇದನ್ನು ಯೋಚಿಸಬೇಕು.

ಫ್ಯಾನೇ ಇಲ್ಲದ ಪೆಟ್ಟಿಗೆಗಳೂ ಇವೆ. ಲೋಹದ ರೆಕ್ಕೆಗಳ ಮೂಲಕ ಬಿಸಿಯನ್ನು ಹೊರಗೆ ಬಿಡುವುದು ಅವುಗಳ ಕ್ರಮ. ಇವುಗಳ ಹೊಗಳಿಕೆಯನ್ನು ಓದುವಾಗ ಅದನ್ನು ಬರೆದವರು ಯಾವ ದೇಶದವರೆಂದು ನೋಡಬೇಕು. ಬಿಸಿ ಹರಿಯುವುದು ಯಂತ್ರದ ಉಷ್ಣತೆಗೂ ಕೋಣೆಯ ಉಷ್ಣತೆಗೂ ಇರುವ ಅಂತರದಿಂದ. ಕೋಣೆ 21 ಡಿಗ್ರಿ ಇರುವ ತಂಪುನಾಡಿನಲ್ಲಿ ಯಂತ್ರ 65 ಡಿಗ್ರಿಯಲ್ಲಿ ನಿಂತಿತೆಂದರೆ, ಅದೇ ಯಂತ್ರ ಅದೇ ಕೆಲಸ ಮಾಡುತ್ತ 38 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 82ಕ್ಕೆ ಏರುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಹೊರಗೆ 40 ದಾಟುತ್ತದೆ. ಬಾಗಿಲು ಮುಚ್ಚಿದ ಮರದ ಕಪಾಟಿನ ಒಳಗೆ ಹೇಗಿರಬೇಡ! ಅಲ್ಲಿ ನಿಧಾನವಾಗಿ ತಿರುಗುವ ಒಂದು ದೊಡ್ಡ ಫ್ಯಾನು ಇರಲೇಬೇಕು. ಕಪಾಟಿನ ಹಿಂಬದಿಯ ಹಲಗೆಯಲ್ಲಿ ಗಾಳಿಗೆ ದಾರಿಯೂ ಬೇಕು. ಮಡಿಕೇರಿಯ ಮನೆಗೆ ಫ್ಯಾನಿಲ್ಲದ ಪೆಟ್ಟಿಗೆ ಒಪ್ಪಬಹುದು. ಬಯಲುಸೀಮೆಯ ಧೂಳಿಗೆ, ತೆಗೆದು ತೊಳೆಯಬಹುದಾದ ಜಾಲರಿ ಇರುವ ಪೆಟ್ಟಿಗೆಯನ್ನೇ ಆರಿಸಬೇಕು.

ಪೆಟ್ಟಿಗೆಯ ಗಾತ್ರ ಬೋರ್ಡಿನ ಗಾತ್ರವನ್ನು ಹೊಂದಿದೆ. 2001ರಲ್ಲಿ ವಯಾ ಕಂಪೆನಿ ತಂದ ಮಿನಿ-ಐಟಿಎಕ್ಸ್ ಬೋರ್ಡು 17 ಸೆಂಟಿಮೀಟರಿನ ಚೌಕ. ಮೈಕ್ರೊ-ಎಟಿಎಕ್ಸ್ 24.4 ಸೆಂಟಿಮೀಟರಿನದು. ಮೊದಲನೆಯದು ಚೊಕ್ಕ, ಆದರೆ ದುಬಾರಿ. ಎರಡನೆಯದು ಅಗ್ಗ, ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಮೊದಲ ಬಾರಿ ಕೈ ಹಾಕುವವರ ಬೆರಳಿಗೆ ಜಾಗವೂ ಇರುತ್ತದೆ. ಕೊಳ್ಳುವ ಮುನ್ನ ಟೀವಿ ಇಟ್ಟ ಕಪಾಟಿನ ಆಳವನ್ನು ಟೇಪು ಹಿಡಿದು ಅಳೆಯಿರಿ; ಹಿಂದೆ ತಂತಿಗಳು ಬಾಗಲು ಐದಾರು ಸೆಂಟಿಮೀಟರು ಬಿಡಿ.

ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಬಗ್ಗೆ ಎರಡು ಮಾತು. ಇಂಥ ಯಂತ್ರ ಸಿನಿಮಾ ತೋರಿಸುವಾಗ ಸುಮಾರು 20ರಿಂದ 40 ವಾಟ್ ಮಾತ್ರ ಎಳೆಯುತ್ತದೆ. ದಿನಕ್ಕೆ 4 ಗಂಟೆ, 40 ವಾಟಿನಂತೆ ತಿಂಗಳಿಗೆ 5 ಯುನಿಟ್ಟಿಗೂ ಕಡಿಮೆ. ಇದಕ್ಕೆ 750 ವಾಟಿನ ಎಸ್‌ಎಂಪಿಎಸ್ ಬೇಡ. 300ರಿಂದ 450 ವಾಟಿನ, ಆದರೆ 80 ಪ್ಲಸ್ ಮುದ್ರೆ ಪಡೆದ ಒಳ್ಳೆಯ ತಯಾರಿಕೆ ಬೇಕು. ಹಣ ಉಳಿಸಬಾರದ ಸ್ಥಳ ಇದೇ. ಪೆಟ್ಟಿಗೆಯ ಜೊತೆಗೆ ಉಚಿತವೆಂದು ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಕೆಟ್ಟಾಗ ಒಂದೊಂದು ಸಲ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹಾಗೆಯೇ ಗೋಡೆಯ ಸಾಕೆಟ್ಟಿನ ಮೂರನೆಯ ಪಿನ್ನಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಲೋಹದ ಪೆಟ್ಟಿಗೆ ಮುಟ್ಟಿದಾಗ ಜುಮ್ಮೆನ್ನುವುದು ಅರ್ಥಿಂಗ್ ಇಲ್ಲದ ಮನೆಗಳಲ್ಲಿ. ಕರೆಂಟು ಹೋಗಿ ಬರುವ ಊರುಗಳಲ್ಲಿ ಒಂದು ಚಿಕ್ಕ ಯುಪಿಎಸ್ ಇರುವುದು ಡಿಸ್ಕಿನ ಆಯುಸ್ಸಿಗೆ ಒಳ್ಳೆಯದು.

ಮೆಮೊರಿ 8 ಗಿಗಾಬೈಟ್ ಸಾಕು. ಪ್ರೊಸೆಸರಿನ ಚಿತ್ರಭಾಗ ಇದೇ ಮೆಮೊರಿಯನ್ನು ಹಂಚಿಕೊಳ್ಳುವುದರಿಂದ, ಬೋರ್ಡಿನಲ್ಲಿ ಅವಕಾಶವಿದ್ದರೆ 8ರದೊಂದರ ಬದಲು 4ರ ಎರಡು ಕಡ್ಡಿಗಳನ್ನು ಜೋಡಿಯಾಗಿ ಹಾಕುವುದು ಅನುಕೂಲ. ಯಂತ್ರವನ್ನು ಎಬ್ಬಿಸುವ ತಂತ್ರಾಂಶಕ್ಕೆ 250 ಗಿಗಾಬೈಟಿನ ಒಂದು ಎಸ್‌ಎಸ್‌ಡಿ. ಸಂಗ್ರಹಕ್ಕೆ ಹಾರ್ಡ್ ಡಿಸ್ಕೇ ಸರಿ. ಇಲ್ಲಿಯೂ ವೇಗದ ಆಸೆ ಬೇಡ. 4ಕೆ ಬ್ಲೂ-ರೇಯ ಗರಿಷ್ಠ ಹರಿವು ಸೆಕೆಂಡಿಗೆ 128 ಮೆಗಾಬಿಟ್, ಅಂದರೆ 16 ಮೆಗಾಬೈಟ್. ನಿಧಾನವಾದ ಹಾರ್ಡ್ ಡಿಸ್ಕು ಕೂಡ ಇದರ ಹಲವು ಪಟ್ಟು ಓದಬಲ್ಲದು. ನಿಮಿಷಕ್ಕೆ 7200 ಸುತ್ತಿನದಕ್ಕಿಂತ 5400 ಸುತ್ತಿನದು ತಣ್ಣಗೆ, ಮೆತ್ತಗೆ ಇರುತ್ತದೆ. ಸ್ಥಳದ ಲೆಕ್ಕ ಹೀಗೆ: ಮೂರು ಗಂಟೆಯ ಒಂದು ಮದುವೆಯ ಕ್ಯಾಸೆಟ್ಟನ್ನು ಸೆಕೆಂಡಿಗೆ 6 ಮೆಗಾಬಿಟ್ಟಿನಂತೆ ಇಳಿಸಿದರೆ ಸುಮಾರು 8 ಗಿಗಾಬೈಟ್, ತುಂಬಿದ ಒಂದು ಡಿವಿಡಿ ಹೆಚ್ಚೆಂದರೆ 8.5. 4 ಟೆರಾಬೈಟಿನ ಒಂದು ಡಿಸ್ಕಿನಲ್ಲಿ ಇಂಥವು ನಾನ್ನೂರೈವತ್ತಕ್ಕೂ ಹೆಚ್ಚು ಹಿಡಿಯುತ್ತವೆ.

ಆದರೆ ಡಿಸ್ಕು ಎಂದಾದರೊಂದು ದಿನ ಕೆಡುವ ವಸ್ತು. ಸಾವಿರ ರೂಪಾಯಿ ಉಳಿದರೆ ಅದನ್ನು ಹೆಚ್ಚು ವೇಗದ ಪ್ರೊಸೆಸರಿಗೆ ಹಾಕದೆ ಎರಡನೆಯ ಡಿಸ್ಕಿಗೆ ಕೂಡಿಡಿ. ಅದರಲ್ಲಿ ಎಲ್ಲದರ ಇನ್ನೊಂದು ಪ್ರತಿ ಮಾಡಿ ತಮ್ಮನ ಮನೆಯಲ್ಲೋ ಮಗಳ ಮನೆಯಲ್ಲೋ ಇಡಿ. ಸಿನಿಮಾ ಹೋದರೆ ಮತ್ತೆ ಕೊಳ್ಳಬಹುದು. ಈಗ ಇಲ್ಲದ ತಂದೆಯವರು ಪಂಕ್ತಿಯಲ್ಲಿ ನಿಂತು ಬಡಿಸುತ್ತ, "ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ" ಎಂದು ಬೀಗರನ್ನು ಒತ್ತಾಯಿಸುವ ಐದು ನಿಮಿಷದ ಚಿತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. 2002ರಲ್ಲಿ ಮೈಕ್ರೋಸಾಫ್ಟ್ ಟೀವಿಗಾಗಿಯೇ ಮೀಡಿಯಾ ಸೆಂಟರ್ ಎಂಬುದನ್ನು ತಂದಿತ್ತು. 2015ರ ವಿಂಡೋಸ್ 10ರಲ್ಲಿ ಅದನ್ನು ಕೈಬಿಟ್ಟಿತು. ಅದೇ ಸುಮಾರಿಗೆ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆಯತೊಡಗಿದ ಒಂದು ತಂತ್ರಾಂಶ ಬೆಳೆದು, 2014ರಲ್ಲಿ ಕೋಡಿ ಎಂಬ ಹೆಸರು ಪಡೆದು ಇಂದಿಗೂ ಉಚಿತವಾಗಿ ದೊರೆಯುತ್ತಿದೆ. ದೊಡ್ಡ ಕಂಪೆನಿ ಕೈಬಿಟ್ಟದ್ದನ್ನು ಹವ್ಯಾಸಿಗಳು ಉಳಿಸಿಕೊಂಡರು. ಕೋಡಿಗಾಗಿಯೇ ಹೊಂದಿಸಿದ ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸನ್ನು ಹಾಕಿದರೆ ಯಂತ್ರ ಗುಂಡಿ ಒತ್ತಿದೊಡನೆ ನೇರವಾಗಿ ಚಿತ್ರಗಳ ಪಟ್ಟಿಯನ್ನೇ ತೋರಿಸುತ್ತದೆ. ಮನೆಯ ಹಲವು ಕೋಣೆಗಳಲ್ಲಿ, ಫೋನುಗಳಲ್ಲಿ ನೋಡಬೇಕಾದರೆ 2018ರಲ್ಲಿ ಹುಟ್ಟಿದ ಜೆಲ್ಲಿಫಿನ್ ಇದೆ.

ಕೊನೆಯದಾಗಿ ರಿಮೋಟು. ಚಿಕ್ಕ ವಸ್ತುವೆಂದು ಎಲ್ಲರೂ ಕೊನೆಗೆ ನೆನೆಯುತ್ತಾರೆ. ಒಂದು ಎಚ್‌ಡಿಎಂಐ ತಂತಿಯ ಮೂಲಕ ಟೀವಿಯ ರಿಮೋಟಿನಿಂದಲೇ ಇನ್ನೊಂದು ಯಂತ್ರವನ್ನು ನಡೆಸುವ ಸಿಇಸಿ ಎಂಬ ಏರ್ಪಾಡು ಸ್ಟಿಕ್ಕುಗಳಲ್ಲಿ ಸಾಮಾನ್ಯ. ಮೇಜಿನ ಕಂಪ್ಯೂಟರುಗಳ ಬೋರ್ಡುಗಳಲ್ಲಿ ಬಹುತೇಕ ಇರುವುದಿಲ್ಲ. ಅದಕ್ಕೆ ಯುಎಸ್‌ಬಿಗೆ ಸಿಕ್ಕಿಸುವ ಬೇರೆ ಸಾಧನ ಬೇಕು, ಇಲ್ಲವೆ ಯುಎಸ್‌ಬಿ ರಿಸೀವರಿನ ಜೊತೆ ಬರುವ ರಿಮೋಟು ಬೇಕು. ಕೀಲಿಮಣೆ, ಮೌಸುಗಳನ್ನು ಸೋಫಾದ ಮೇಲೆ ಇಟ್ಟುಕೊಂಡು ನಡೆಸಬೇಕಾದ ಯಂತ್ರವನ್ನು ಕಟ್ಟಿದವರೊಬ್ಬರೇ ನಡೆಸುತ್ತಾರೆ. ಮನೆಯ ಉಳಿದವರು ಅದರ ಹತ್ತಿರ ಸುಳಿಯುವುದಿಲ್ಲ. ದೊಡ್ಡ ಗುಂಡಿಗಳ, ಹತ್ತು ಹನ್ನೆರಡಕ್ಕೆ ಮೀರದ ಗುಂಡಿಗಳ ರಿಮೋಟು ಆರಿಸಿ. ಪಟ್ಟಿಯಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಬರೆದಿಡಿ.

ಕೊಳ್ಳುವ ರೀತಿಯ ಬಗ್ಗೆಯೂ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆಯಂಥ ಪೇಟೆಯಲ್ಲಿ ಎಲ್ಲವೂ ಸಿಗುತ್ತದೆ, ಚೌಕಾಸಿಯೂ ನಡೆಯುತ್ತದೆ. ಬೇಕಾದ ಮಾದರಿಯ ಪೂರ್ಣ ಹೆಸರನ್ನು, ಕೊನೆಯ ಅಕ್ಷರ ಸಹಿತ, ಬರೆದುಕೊಂಡು ಹೋಗಿ. "ಅದಿಲ್ಲ ಸಾರ್, ಇದೂ ಅದೇ" ಎಂದು ಬೇರೊಂದನ್ನು ಮುಂದಿಟ್ಟರೆ, ಮನೆಗೆ ಬಂದು ವಿವರ ಓದಿ ಮರುದಿನ ಹೋಗಿ. ಜಿಎಸ್‌ಟಿ ಬಿಲ್ಲಿನಲ್ಲಿ ಕ್ರಮಸಂಖ್ಯೆ ಬರೆಸಿಕೊಳ್ಳಿ. ವಾರಂಟಿ ಕೇಳುವಾಗ ಅದೇ ಆಧಾರ. ಎಲ್ಲವನ್ನೂ ಒಂದೇ ವಾರದೊಳಗೆ ಕೊಳ್ಳಿ. ತಿಂಗಳಿಗೊಂದರಂತೆ ಕೊಂಡರೆ ಕೊನೆಯ ಭಾಗ ಬಂದು ಯಂತ್ರ ಎದ್ದಾಗ, ಮೊದಲು ಕೊಂಡ ಭಾಗ ಕೆಟ್ಟಿರುವುದು ತಿಳಿದರೂ ಹಿಂತಿರುಗಿಸುವ ಅವಧಿ ಮುಗಿದಿರುತ್ತದೆ.

ಯಂತ್ರ ಕಟ್ಟಿ ಆದ ಮೇಲೆ ಅದನ್ನು ಪರೀಕ್ಷಿಸುವುದು ಹೇಗೆ? ವೇಗ ಅಳೆಯುವ ತಂತ್ರಾಂಶಗಳು ಬೇಡ. ನಿಧಾನವಾಗಿ ಬೆಟ್ಟದ ಮೇಲೆ ಹಾಯುವ ಒಂದು ದೃಶ್ಯ ಹಾಕಿ, ಕುಂಟದೆ ಸಾಗಬೇಕು. ಧ್ವನಿ ನಿಲ್ಲಿಸಿ ಮೂರು ಮೀಟರು ದೂರ ಕುಳಿತುಕೊಳ್ಳಿ. ಯಂತ್ರ ಇದೆಯೆಂದೇ ತಿಳಿಯಬಾರದು. ಎರಡು ಗಂಟೆ ಓಡಿದ ಮೇಲೆ ಪೆಟ್ಟಿಗೆಯ ಮೇಲೆ ಅಂಗೈ ಇಡಿ, ಹಾಯಾಗಿ ಇಟ್ಟುಕೊಂಡಿರುವಂತಿರಬೇಕು. ಆಮೇಲೆ ರಿಮೋಟನ್ನು ಅಮ್ಮನ ಕೈಗೆ ಕೊಟ್ಟು, ಏನೂ ಹೇಳಿಕೊಡದೆ ಬದಿಗೆ ಸರಿಯಿರಿ. ಅವರು ತಮ್ಮ ಮದುವೆಯ ಕ್ಯಾಸೆಟ್ಟನ್ನು ತಾವೇ ಹುಡುಕಿ ನೋಡಬಲ್ಲರಾದರೆ ನೀವು ಆರಿಸಿದ ಭಾಗಗಳೆಲ್ಲ ಸರಿಯಾದವೇ.